240ಜೆಡ್: 15 ನಿಮಿಷ ಓಡಿ ನಿಲ್ಲುತ್ತದೆ, 10 ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್

ಜೆಡ್_72 (ಸ್ಯಾನ್ ಹೋಸೆ)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ, ಸ್ವಲ್ಪ ದಾರಿ ತೋರಿಸಿ.

ಕಾರು 1972ರ ಡಾಟ್ಸನ್ 240ಜೆಡ್. ಎಂಜಿನ್ ಅದರದ್ದೇ ಎಲ್24, 2,393 ಸಿಸಿ. ಹಿಟಾಚಿಯ ಜೋಡಿ ಕಾರ್ಬುರೇಟರ್ ತೆಗೆದು ಈ ವರ್ಷದ ಶುರುವಿನಲ್ಲಿ ಮೂರು ಮಿಕುನಿ 44ಪಿಎಚ್‌ಎಚ್ ಹಾಕಿದೆ. ಎಂಟು ಕಡ್ಡಿಯ ವಟನಾಬೆ ಚಕ್ರಗಳೂ ಬಂದಿವೆ. 70ರ ದಶಕದಲ್ಲಿ ಜಪಾನಿನ ಹುಡುಗರು ಓಡಿಸುತ್ತಿದ್ದ ಹಾಗೆ ಇರಬೇಕು, ಆಮೇಲಿನ ಕಾಲದ ಒಂದು ನಟ್ಟೂ ಕಣ್ಣಿಗೆ ಬೀಳಬಾರದು ಅನ್ನುವುದು ನನ್ನ ಹಟ. ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಬಿಡಿ.

ಸಮಸ್ಯೆ ಇದು. ಮನೆ ಸುತ್ತಮುತ್ತ ಚೆನ್ನಾಗಿ ಓಡುತ್ತದೆ. 280 ಹೈವೇ ಹತ್ತಿ 65 ಮೈಲಿ ವೇಗದಲ್ಲಿ 15 ನಿಮಿಷ ಹೋದರೆ ಜಗ್ಗಲು ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತದೆ. ಕೊನೆಗೆ ಆಫ್. ರಸ್ತೆ ಬದಿಯಲ್ಲಿ 10 ನಿಮಿಷ ನಿಂತರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಕಥೆ.

ಫಿಲ್ಟರ್, ಪಂಪು, ಪಾಯಿಂಟ್ಸ್, ಕಂಡೆನ್ಸರ್, ಪ್ಲಗ್ ಎಲ್ಲಾ ಹೊಸದು. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಎತ್ತರ ಕಾಯುವ ಫ್ಲೋಟ್‌ನ ಮಟ್ಟ ಎರಡು ಸಲ ನೋಡಿದ್ದೇನೆ. ಇನ್ನೇನು ನೋಡಲಿ?


ತುಮಕೂರು_ಟಾರ್ಕ್ (ಹ್ಯೂಸ್ಟನ್)

ವೇಪರ್ ಲಾಕ್, ಅಂದರೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗಿ ದಾರಿ ಕಟ್ಟುವುದು. ಕಣ್ಣು ಮುಚ್ಚಿ ಹೇಳಬಹುದು. ಎಲ್ ಸರಣಿಯಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ, ಎಕ್ಸಾಸ್ಟ್ ನೇರವಾಗಿ ಕೆಳಗೆ. ಒಲೆ ಮೇಲೆ ಪಾತ್ರೆ ಇಟ್ಟ ಹಾಗೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಬೇಗ ಕುದಿಯುತ್ತದೆ. ಶಾಖ ತಡೆಯುವ ತಗಡು ಇದೆಯಾ? ಮಿಕುನಿ ಹಾಕುವಾಗ ಜನ ಅದನ್ನು ಬಿಸಾಕುತ್ತಾರೆ.

ಹಳೇ ಅಮೆರಿಕನ್ನರು ಪೆಟ್ರೋಲ್ ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಸಾಲಾಗಿ ಸಿಕ್ಕಿಸುತ್ತಿದ್ದರು. ಅದರಿಂದ ಏನಾಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ನಿಮ್ಮ 70ರ ದಶಕದ ಹಟಕ್ಕೆ ಸರಿಹೋಗುತ್ತದೆ :)


ಹಮಾ_ಗ್ಯಾರೇಜ್ (ಯೊಕೊಹಾಮಾ)

ವೇಪರ್ ಲಾಕ್ ಇರಬಹುದು, ಆದರೆ ಅಷ್ಟು ಬೇಗ ತೀರ್ಪು ಬೇಡ. ಅದು ಜಾಸ್ತಿ ಕಾಡುವುದು ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ, ಅಥವಾ ಟ್ರಾಫಿಕ್‌ನಲ್ಲಿ ತೆವಳುವಾಗ. ನಿಮ್ಮದು ಗಾಳಿ ಚೆನ್ನಾಗಿ ಬೀಸುವ ಹೈವೇಯಲ್ಲಿ ನಿಲ್ಲುತ್ತಿದೆ. ನಿಂತ ಮೇಲೆ ಸರಿಹೋಗುತ್ತಿದೆ. ತಿರುಗುಮುರುಗು ಅಲ್ವಾ?

ಟ್ಯಾಂಕಿನಲ್ಲಿ ತುಕ್ಕು ಇದ್ದರೂ ಹೀಗಾಗುತ್ತದೆ. ಪಂಪು ಎಳೆಯುವಾಗ ಕಸ ಹೋಗಿ ಪೈಪಿನ ಬಾಯಿಗೆ ಅಂಟುತ್ತದೆ, ಎಂಜಿನ್ ನಿಂತರೆ ಉದುರುತ್ತದೆ, ಮತ್ತೆ ಸ್ಟಾರ್ಟ್. ಹಳೇ ಜೆಡ್‌ಗಳಲ್ಲಿ ಇದು ಮಾಮೂಲಿ ಕಾಯಿಲೆ.

ಊಹೆ ಬೇಡ, ಅಳೆಯೋಣ.

ಪಂಪು ಮತ್ತು ಕಾರ್ಬುರೇಟರ್ ಮಧ್ಯೆ ಒಂದು ಪ್ರೆಷರ್ ಗೇಜ್ ಹಾಕಿ. ಪರೀಕ್ಷೆಗೆ ಮಾತ್ರ, ಆಮೇಲೆ ಬೇಕಾದರೆ ಕಿತ್ತುಹಾಕಿ. ಕ್ಯಾಮ್‌ನಿಂದ ಓಡುವ ಮೂಲ ಪಂಪು ಸುಮಾರು 3.4ರಿಂದ 4.3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡಬೇಕು. ಎಂಜಿನ್ ಸಾಯುವ ಹೊತ್ತಿಗೆ ಅದು ಎಷ್ಟಿದೆ ನೋಡಿ. ಕಾರು ನಿಂತ ಕೂಡಲೇ ಪ್ಲಗ್‌ನಲ್ಲಿ ಕಿಡಿ ಬರುತ್ತಿದೆಯಾ ಅಂತಲೂ ನೋಡಿ. ಇವೆರಡು ಗೊತ್ತಾದರೆ ಅರ್ಧ ಜಗತ್ತು ಪಟ್ಟಿಯಿಂದ ಹೋಗುತ್ತದೆ. ಜೊತೆಗೆ ಪ್ರತಿ ಸಲ ನಿಂತಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಹೊರಗೆ ಬಿಸಿಲೋ ಚಳಿಯೋ ಬರೆದಿಡಿ.

ಅಂದಹಾಗೆ ಮೂರು ಮಿಕುನಿ ಅಂದ ಕೂಡಲೇ ನಿಮ್ಮ ಜೆಡ್‌ನ ಜಪಾನಿನ ಸೋದರ ಫೇರ್‌ಲೇಡಿ ಜೆಡ್432 ನೆನಪಾಯಿತು. 432 ಅಂದರೆ ಸಿಲಿಂಡರಿಗೆ ನಾಲ್ಕು ವಾಲ್ವ್, ಮೂರು ಕಾರ್ಬುರೇಟರ್, ಎರಡು ಕ್ಯಾಮ್. ಅದರಲ್ಲಿ ಇದ್ದದ್ದು ಸ್ಕೈಲೈನ್ ಜಿಟಿ-ಆರ್‌ನ ಎಸ್20 ಎಂಜಿನ್, ಕಾರ್ಬುರೇಟರ್ 40 ಎಂ.ಎಂ. ನಿಮ್ಮ 44 ಆ ಲೆಕ್ಕದಲ್ಲಿ ಸ್ವಲ್ಪ ದೊಡ್ಡ ಬಾಯಿ.


ಜೆಡ್_72

ಒಂದು ವಾರ ಬರೆದಿಟ್ಟೆ.

ಕಿಡಿ ಚೆನ್ನಾಗಿದೆ. ಅಲ್ಲಿಗೆ ಕಾಯಿಲ್, ಪಾಯಿಂಟ್ಸ್ ಪಟ್ಟಿಯಿಂದ ಹೊರಗೆ.

ಪ್ರೆಷರ್ ಮನೆ ಬಿಡುವಾಗ 3.5. ಹೈವೇ ಹತ್ತಿದ ಮೇಲೆ ನಿಧಾನವಾಗಿ ಇಳಿಯುತ್ತದೆ, 3, 2.5, 2. ಒಂದಕ್ಕೆ ಬಂದಾಗ ಜಗ್ಗುತ್ತದೆ. ಥಟ್ಟನೆ ಬೀಳುವುದಿಲ್ಲ, ಸೋರುವ ಟೈರಿನ ಹಾಗೆ ಇಳಿಯುತ್ತದೆ.

ಇನ್ನು ವಿಚಿತ್ರ ಕೇಳಿ. ಟ್ಯಾಂಕು ಫುಲ್ ಇದ್ದರೆ 15 ನಿಮಿಷಕ್ಕೇ ನಿಲ್ಲುತ್ತದೆ. ಅರ್ಧ ಇದ್ದಾಗ 40 ನಿಮಿಷ ಓಡಿತು. ಕಾಲು ಟ್ಯಾಂಕಿನಲ್ಲಿ ಒಂದು ಸಲವೂ ನಿಂತಿಲ್ಲ! ಮತ್ತೆ ಬೆಳಗ್ಗೆ ಮಂಜು ಇರುವಾಗ ಬೇಗ ನಿಲ್ಲುತ್ತದೆ, ಮಧ್ಯಾಹ್ನ ಬಿಸಿಲಲ್ಲಿ ತಡವಾಗಿ. ವೇಪರ್ ಲಾಕ್ ಆಗಿದ್ದರೆ ಉಲ್ಟಾ ಇರಬೇಕಿತ್ತು.

ಟ್ಯಾಂಕನ್ನು ಹೋದ ವರ್ಷ ಇಳಿಸಿ ಒಳಗೆಲ್ಲಾ ತೊಳೆಸಿದ್ದೆ. ನಿನ್ನೆ ಅಡಿಯ ಡ್ರೈನ್ ಪ್ಲಗ್ ಬಿಚ್ಚಿ ಎರಡು ಲೀಟರ್ ಬಿಳಿ ಡಬ್ಬಿಗೆ ಹಿಡಿದೆ. ಒಂದು ಚೂರು ತುಕ್ಕಿಲ್ಲ.


ಯೆಜ್ಡಿ_ಮಾವ (ಮೈಸೂರು)

ಸುಮ್ನೆ ಓದುತ್ತಾ ಕೂತಿದ್ದೆ. ನನಗೆ ಜೆಡ್ ಗೊತ್ತಿಲ್ಲ, ಚಿತ್ರದಲ್ಲಿ ನೋಡಿದ್ದೇನೆ ಅಷ್ಟೇ. ಆದರೆ ಈ ಕಥೆ ಗೊತ್ತು.

ನಮ್ಮೂರಿನ ಕಾರ್ಖಾನೆಯಿಂದ ಬಂದ ಯೆಜ್ಡಿ ನನ್ನದು. ಒಂದು ಸಲ ಟ್ಯಾಂಕಿಗೆ ಬಣ್ಣ ಹೊಡೆಸಿ ಮುಚ್ಚಳಕ್ಕೆ ಪಾಲಿಶ್ ಹಾಕಿ ಫಳಫಳ ಮಾಡಿದೆ. ಮರುದಿನ ನಂಜನಗೂಡು ದಾರಿಯಲ್ಲಿ ಗಾಡಿ ನಿಂತಿತು. ಕಾರ್ಬುರೇಟರ್ ಬಿಚ್ಚಿದೆ, ಪ್ಲಗ್ ಬಿಚ್ಚಿದೆ. ಕೊನೆಗೆ ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದರೆ ಒಳಕ್ಕೆ ಗಾಳಿ ಎಳೆದ ಸದ್ದು. ಮುಚ್ಚಳದ ಸಣ್ಣ ತೂತಿಗೆ ಪಾಲಿಶ್ ತುಂಬಿತ್ತು. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ಲ.

ಮುಂದಿನ ಸಲ ಕಾರು ಜಗ್ಗಿದಾಗ ಬಾನೆಟ್ ಎತ್ತಬೇಡಿ. ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆಗೆಯಿರಿ. ಕಿವಿ ಹತ್ತಿರ ಇಡಿ.


ಜೆಡ್_72

ಮಾವ, ಕಾಲಿಗೆ ಬಿದ್ದೆ.

ಇವತ್ತು ಬೆಳಗ್ಗೆ ಫುಲ್ ಟ್ಯಾಂಕ್ ಹಾಕಿಸಿ ಹೊರಟೆ. 14 ನಿಮಿಷಕ್ಕೆ ಜಗ್ಗಿತು. ಪಕ್ಕಕ್ಕೆ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಹುಸ್ಸ್ ಅಂತ ಗಾಳಿ ಒಳಗೆ ಹೋಯಿತು, ಜೊತೆಗೆ ಟ್ಯಾಂಕಿನ ತಗಡು ಟಕ್ ಅಂತ ಸದ್ದು ಮಾಡಿತು. ಒಂದು ನಿಮಿಷವೂ ಕಾಯದೆ ಸ್ಟಾರ್ಟ್ ಮಾಡಿದೆ. ಪ್ರೆಷರ್ 3.5!

ಆದರೆ ಒಂದು ಅರ್ಥವಾಗುತ್ತಿಲ್ಲ. ಮುಚ್ಚಳ ಹಳೆಯದೇ, ಅದರಲ್ಲಿ ಯಾವ ತೂತೂ ಇಲ್ಲ. ಮಿಕುನಿ ಹಾಕಿ ಇಷ್ಟು ತಿಂಗಳು ಚೆನ್ನಾಗಿ ಓಡಿತ್ತು. ಈಗೇಕೆ?


ಹಮಾ_ಗ್ಯಾರೇಜ್

ಈ ಮುಚ್ಚಳಕ್ಕೆ ತೂತು ಇರುವುದೇ ಇಲ್ಲ. ಅಮೆರಿಕಕ್ಕೆ ಹೋದ 240ಜೆಡ್‌ನಲ್ಲಿ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಬಿಗಿಯಾಗಿ ಮುಚ್ಚುವ ಮುಚ್ಚಳ. ಟ್ಯಾಂಕು ಉಸಿರಾಡುವುದು ಬೇರೆ ದಾರಿಯಲ್ಲಿ. ಟ್ಯಾಂಕಿನಿಂದ ನಾಲ್ಕೈದು ಹೋಸ್ ಹೊರಟು, ಹಿಂದೆ ಬಲಗಡೆ ಪ್ಲಾಸ್ಟಿಕ್ ಪ್ಯಾನೆಲ್ ಹಿಂದಿರುವ ಸಣ್ಣ ಆವಿ ಡಬ್ಬಿಗೆ ಬರುತ್ತವೆ. ಅಲ್ಲಿಂದ ಒಂದು ಪೈಪು ಕಾರಿನ ಅಡಿಯಲ್ಲಿ ಎಂಜಿನ್ ಬೇಗೆ ಹೋಗುತ್ತದೆ. ಅದರ ತುದಿಯಲ್ಲಿ ಫ್ಲೋ ಗೈಡ್ ವಾಲ್ವ್.

ಅದಕ್ಕೆ ಮೂರು ಬಾಯಿ. ಒಂದು ಟ್ಯಾಂಕಿಗೆ, ಒಂದು ಏರ್ ಕ್ಲೀನರ್‌ಗೆ, ಒಂದು ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಕೆಳಗಿನ ಗೂಡಿಗೆ. ಟ್ಯಾಂಕಿನ ಆವಿ ಒತ್ತಡ 10 ಎಂ.ಎಂ. ಪಾದರಸ ದಾಟಿದರೆ ಆವಿ ಕ್ರ್ಯಾಂಕ್‌ಕೇಸಿಗೆ ಹೋಗಿ ಕೂರುತ್ತದೆ, ಎಂಜಿನ್ ಓಡುವಾಗ ಉರಿದುಹೋಗುತ್ತದೆ. ಟ್ಯಾಂಕಿನಲ್ಲಿ ಎಳೆತ ಹುಟ್ಟಿದರೆ ಏರ್ ಕ್ಲೀನರ್ ಕಡೆಯಿಂದ ತಾಜಾ ಗಾಳಿ ಒಳಗೆ ಬರುತ್ತದೆ.

ಈಗ ಹೇಳಿ. ಮಿಕುನಿ ಹಾಕುವಾಗ ಆ ಕಿತ್ತಳೆ ಬಣ್ಣದ ಏರ್ ಕ್ಲೀನರ್ ಡಬ್ಬಿ ತೆಗೆದಿರಲ್ಲ, ಅದಕ್ಕೆ ಬರುತ್ತಿದ್ದ ಹೋಸ್ ಏನು ಮಾಡಿದಿರಿ? ಹಿಂದಿನ ಆವಿ ಹೋಸ್‌ಗಳನ್ನು ಇತ್ತೀಚೆಗೆ ಮುಟ್ಟಿದಿರಾ?


ಜೆಡ್_72

ಹೇಳಲು ನಾಚಿಕೆ. ಆ ವಾಲ್ವ್ ಏನೆಂದು ಗೊತ್ತಿರಲಿಲ್ಲ. ಜಪಾನಿನ ಹಳೇ ಫೋಟೋಗಳಲ್ಲಿ ಎಂಜಿನ್ ಬೇ ಎಷ್ಟು ಚೊಕ್ಕ ಇರುತ್ತದೆ! ಹಾಗೆ ಕಾಣಲಿ ಅಂತ ವಾಲ್ವ್ ಕಿತ್ತು, ಪೈಪಿನ ತುದಿಗೆ ರಬ್ಬರ್ ಟೋಪಿ ಹಾಕಿ ಕ್ಲಾಂಪ್ ಬಿಗಿದುಬಿಟ್ಟೆ.

ಹಿಂದಿನ ಹೋಸ್‌ಗಳು? ಹೋದ ತಿಂಗಳು ಬದಲಿಸಿದೆ. ಕಾರಿನೊಳಗೆ ಪೆಟ್ರೋಲ್ ವಾಸನೆ ಜಾಸ್ತಿ ಇತ್ತು. ಹಳೆಯವು ಒಣಗಿ ಚಕ್ಕುಲಿ ಹಾಗೆ ಮುರಿಯುತ್ತಿದ್ದವು.


ಹಮಾ_ಗ್ಯಾರೇಜ್

ಸಿಕ್ಕಿತು. ಟ್ಯಾಂಕಿನ ಬಾಯಿ ಕಟ್ಟಿದ್ದು ವರ್ಷದ ಶುರುವಿನಲ್ಲೇ. ಆದರೆ ಒಡೆದ ಹೋಸ್‌ಗಳ ಬಿರುಕಿನಿಂದ ಟ್ಯಾಂಕು ಕದ್ದು ಉಸಿರಾಡುತ್ತಿತ್ತು. ನಿಮಗೆ ವಾಸನೆ ಕೊಟ್ಟ ಬಿರುಕೇ ಕಾರನ್ನು ಓಡಿಸುತ್ತಿತ್ತು. ಹೋದ ತಿಂಗಳು ಅದನ್ನೂ ಮುಚ್ಚಿದಿರಿ.

ನೀವು ಬರೆದಿಟ್ಟ ಲೆಕ್ಕವೂ ಇದಕ್ಕೆ ಕೂಡುತ್ತದೆ. 60 ಲೀಟರ್ ಟ್ಯಾಂಕು ತುಂಬಿದಾಗ ಮೇಲೆ ಗಾಳಿ ಇರುವುದು ಸ್ವಲ್ಪವೇ. ನಾಲ್ಕು ಲೀಟರ್ ಪೆಟ್ರೋಲ್ ಹೋದರೂ ಆ ಗಾಳಿ ಎರಡು ಪಟ್ಟು ಹಿಗ್ಗಬೇಕು, ಎಳೆತ ಬೇಗ ಏರುತ್ತದೆ. ಕಾಲು ಟ್ಯಾಂಕಿನಲ್ಲಿ 45 ಲೀಟರ್ ಗಾಳಿ ಇದೆ, ಅದಕ್ಕೆ ನಾಲ್ಕು ಲೀಟರ್ ಲೆಕ್ಕಕ್ಕಿಲ್ಲ. ಬಿಸಿಲಲ್ಲಿ ಪೆಟ್ರೋಲ್ ಆವಿಯಾಗಿ ಖಾಲಿ ಜಾಗ ತುಂಬುತ್ತದೆ, ಮಂಜಿನಲ್ಲಿ ಅಷ್ಟು ಆಗುವುದಿಲ್ಲ. 10 ನಿಮಿಷ ನಿಂತಾಗ ಸರಿಹೋಗುತ್ತಿದ್ದದ್ದೂ ಹೀಗೇ.


ತುಮಕೂರು_ಟಾರ್ಕ್

ನನ್ನ ವೇಪರ್ ಲಾಕ್ ವಾಪಸ್ ತಗೊಂಡೆ. ಹಾಗಾದರೆ ಮುಚ್ಚಳಕ್ಕೆ ಒಂದು ಎಂ.ಎಂ. ತೂತು ಹೊಡೆದರೆ ಮುಗಿಯಿತಲ್ಲ? ಎರಡು ನಿಮಿಷದ ಕೆಲಸ.


ಯೆಜ್ಡಿ_ಮಾವ

ಬೈಕಿಗಾದರೆ ಸರಿ, ಬಯಲಲ್ಲಿ ನಿಲ್ಲುತ್ತದೆ. ಕಾರನ್ನು ಇವರು ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ನಿಲ್ಲಿಸುತ್ತಾರೆ. ನನ್ನ ಮಗನ ಮನೆ ಅಲ್ಲೇ, ನೋಡಿದ್ದೇನೆ. ಅದೇ ಗ್ಯಾರೇಜಿನಲ್ಲಿ ಗ್ಯಾಸ್ ಗೀಸರ್ ಇತ್ತು, ಒಳಗೆ ಸಣ್ಣ ಬೆಂಕಿ ಸದಾ ಉರಿಯುತ್ತಿತ್ತು. ಅಲ್ಲಿ ಪೆಟ್ರೋಲ್ ಆವಿ ಬಿಡಬೇಡಿ ಮಾರಾಯ್ರೇ.


ಹಮಾ_ಗ್ಯಾರೇಜ್

ಮಾವನ ಮಾತೇ ಮಾತು. ಇನ್ನೊಂದು ತೊಂದರೆ, ಪೆಟ್ರೋಲ್ ಹಾಕುವ ಬಾಯಿ ಬಲಗಡೆ ಇದೆ. ಫುಲ್ ಟ್ಯಾಂಕಿನಲ್ಲಿ ಎಡಕ್ಕೆ ಜೋರಾಗಿ ತಿರುಗಿಸಿದರೆ ಪೆಟ್ರೋಲ್ ಬಲಕ್ಕೆ ನುಗ್ಗಿ ಆ ತೂತಿನಿಂದ ಬಣ್ಣದ ಮೇಲೆ ಇಳಿಯುತ್ತದೆ.

ಆ ವಾಲ್ವನ್ನೇ ವಾಪಸ್ ಹಾಕಿ. ಅದೂ 72ರ ಕಾರಿನ ಮೂಲ ಭಾಗವೇ, ನಿಮ್ಮ ಹಟಕ್ಕೆ ಭಂಗವಿಲ್ಲ. ಏರ್ ಕ್ಲೀನರ್ ಡಬ್ಬಿ ಇಲ್ಲದ್ದರಿಂದ ಆ ಬಾಯಿಗೆ ಒಂದು ಸಣ್ಣ ಫಿಲ್ಟರ್ ಹಾಕಿ, ಎಕ್ಸಾಸ್ಟ್‌ನಿಂದ ದೂರ, ಬಲಗಡೆ ಇರಲಿ. ಕ್ರ್ಯಾಂಕ್‌ಕೇಸ್ ಬಾಯಿ ಮೊದಲಿದ್ದ ಜಾಗಕ್ಕೇ ಹೋಗಲಿ. ಹಾಕುವ ಮುಂಚೆ ಬಾಯಿಂದ ಊದಿ ನೋಡಿ. ಏರ್ ಕ್ಲೀನರ್ ಬಾಯಿಯಿಂದ ಊದಿದರೆ ಟ್ಯಾಂಕ್ ಕಡೆ ಗಾಳಿ ಸಲೀಸಾಗಿ ಹೋಗಬೇಕು. ಕ್ರ್ಯಾಂಕ್‌ಕೇಸ್ ಬಾಯಿಯಿಂದ ಊದಿದರೆ ಎಲ್ಲೂ ಹೋಗಬಾರದು.

ಹೊಸ ಹೋಸ್‌ಗಳನ್ನೂ ಒಮ್ಮೆ ನೋಡಿ. ನೇರ ಹೋಸನ್ನು ಬಲವಂತವಾಗಿ ಬಾಗಿಸಿದ್ದರೆ ಮಡಿಕೆ ಬಿದ್ದು ಅಲ್ಲೂ ದಾರಿ ಮುಚ್ಚುತ್ತದೆ. ಮೂಲದವು ಅಚ್ಚಿನಲ್ಲೇ ಬಾಗಿಸಿದವು.

ಸೋರಿಕೆ ಪರೀಕ್ಷೆಗೆ ಮಿಷನ್ ಬೇಡ. ಊರಲ್ಲಿ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಇದೆಯಲ್ಲ, ಅದರಲ್ಲಿ ನೀರು ತುಂಬಿ ಯು ಆಕಾರದಲ್ಲಿ ಹಿಡಿಯಿರಿ. ಎಂಜಿನ್ ಬೇ ತುದಿಯಲ್ಲಿ ಟಿ (ಮೂರು ಬಾಯಿಯ ಜೋಡಣೆ) ಹಾಕಿ ಒಂದು ಬದಿಗೆ ಪೈಪು, ಇನ್ನೊಂದರಿಂದ ಮೆಲ್ಲಗೆ ಗಾಳಿ. ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸ 368 ಎಂ.ಎಂ. ಬಂದಾಗ ಮುಚ್ಚಿ. ಎರಡೂವರೆ ನಿಮಿಷದ ಮೇಲೆ 343ಕ್ಕಿಂತ ಕೆಳಗೆ ಇಳಿಯಬಾರದು. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಟ್ಯಾಂಕು ಉಬ್ಬುತ್ತದೆ.


ಜೆಡ್_72

ವರದಿ. ಕಿತ್ತಿದ್ದ ವಾಲ್ವ್ ಗ್ಯಾರೇಜಿನ ಬಿಸ್ಕತ್ತು ಡಬ್ಬಿಯಲ್ಲೇ ಇತ್ತು. ಬಿಸಾಕಿಲ್ಲ ಅಂತ ಹೆಂಡತಿ ಮುಂದೆ ಹೆಮ್ಮೆಯಿಂದ ತೋರಿಸಿದೆ. ಕ್ರ್ಯಾಂಕ್‌ಕೇಸ್ ಬಾಯಿಯಿಂದ ಊದಿದರೆ ಸ್ವಲ್ಪ ಸೋರುತ್ತಿತ್ತು. ಒಳಗೆ ಎಣ್ಣೆ ಕಟ್ಟಿಕೊಂಡಿತ್ತು, ತೊಳೆದ ಮೇಲೆ ಸರಿಹೋಯಿತು.

ನೀರಿನ ಪೈಪಿನ ಪರೀಕ್ಷೆ ಮೊದಲ ಸಲ ಫೇಲ್. ಆವಿ ಡಬ್ಬಿಯ ಕೆಳಗಿನ ಒಂದು ಕ್ಲಾಂಪ್ ಬಿಗಿದೇ ಇರಲಿಲ್ಲ. ಅಲ್ಲೇ ಒಂದು ಹೋಸ್ ಮಡಿಕೆಯೂ ಬಿದ್ದಿತ್ತು, ಬದಲಿಸಿದೆ. ಎರಡನೇ ಸಲ 368ರಿಂದ 360ಕ್ಕೆ ಬಂದು ನಿಂತಿತು.

ನಿನ್ನೆ ಮಂಜಿನಲ್ಲೇ ಫುಲ್ ಟ್ಯಾಂಕಿನಲ್ಲಿ 280 ಹಿಡಿದು ಸ್ಯಾನ್ ಫ್ರಾನ್ಸಿಸ್ಕೊ ತನಕ ಹೋಗಿ ಬಂದೆ. ಗೇಜ್ 3.5 ಬಿಟ್ಟು ಅಲುಗಲಿಲ್ಲ. ಈಗ ಗೇಜ್ ತೆಗೆದಿದ್ದೇನೆ.


ಅಡಿಲೇಡ್_ಅಯ್ಯ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಎಲ್24ಗೂ ಮೂರು ಕಾರ್ಬುರೇಟರ್. ಕ್ರ್ಯಾಂಕ್‌ಕೇಸ್ ಉಸಿರು ಅದರ ಎಣ್ಣೆ ಹಿಡಿದಿಡುವ ಒಂದು ಕ್ಯಾಚ್ ಡಬ್ಬಿಗೆ ಹೋಗುತ್ತದೆ, ಅದರ ಬಾಯಿ ತೆರೆದಿದೆ. ವಾಲ್ವಿನ ಮೂರನೇ ಬಾಯಿ ಆ ಡಬ್ಬಿಗೇ ಕೊಡಬಹುದಾ?


ಹಮಾ_ಗ್ಯಾರೇಜ್

ಬೇಡ. ಡಬ್ಬಿ ತೆರೆದಿದ್ದರೆ ಟ್ಯಾಂಕಿನ ಆವಿ ಬಿಸಿ ಎಂಜಿನ್ ಬೇಯಲ್ಲೇ ತೇಲುತ್ತದೆ. ಮೊದಲು ಪಿಸಿವಿ ವಾಲ್ವನ್ನು (ಕ್ರ್ಯಾಂಕ್‌ಕೇಸ್ ಆವಿಯನ್ನು ಎಂಜಿನ್ನಿಗೆ ವಾಪಸ್ ಕಳಿಸುವ ವಾಲ್ವ್) ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವಾಪಸ್ ಜೋಡಿಸಿ, ಎಂಜಿನ್ ಆ ಆವಿಯನ್ನು ಎಳೆದು ಉರಿಸಲಿ. ಆಮೇಲೆ ಮೂರನೇ ಬಾಯಿ. ನಿಮ್ಮ ಮ್ಯಾನಿಫೋಲ್ಡ್ ಯಾವುದು, ಅದರಲ್ಲಿ ವ್ಯಾಕ್ಯೂಮ್ ಬಾಯಿ ಎಷ್ಟಿವೆ, ಒಂದು ಫೋಟೋ ಹಾಕಿ. ಬ್ರೇಕ್ ಬೂಸ್ಟರ್‌ನ ಹೋಸಿಗೆ ಮಾತ್ರ ಟಿ ಹಾಕಲು ಹೋಗಬೇಡಿ.