ಬಾಗಲೂರು ಕಡೆ ಕೆರೆ ದಡದಲ್ಲಿ ಎರಡು ರಾತ್ರಿ ಟೆಂಟ್, ಮೊದಲ ಸಲ ಗಾಳ: ಹೇಗೆ ಶುರು ಮಾಡೋದು?

ಹೊಸಗಾಳ:
ನಮಸ್ಕಾರ. ಹೊಸೂರಿನಿಂದ ನಾಲ್ಕು ಜನ ಹೊರಟಿದ್ದೀವಿ. ಬಾಗಲೂರು, ಶೂಲಗಿರಿ ಸುತ್ತ ಯಾವುದಾದರೂ ಕೆರೆ ಪಕ್ಕ ಎರಡು ರಾತ್ರಿ ಟೆಂಟ್ ಹಾಕೋ ಯೋಚನೆ. ಏಳು ಅಡಿ ರಾಡ್, 3000 ಸೈಜಿನ ರೀಲ್, 0.30 ಎಂಎಂ ತಂಗೂಸಿ (ನೈಲಾನ್ ದಾರ) ಇದೆ. ಅಂಗಡಿಯಲ್ಲಿ ಕೊಟ್ಟ ಗಾಳಗಳ ಮೇಲೆ 1/0 ಅಂತ ಬರೆದಿದೆ. ಬಯಲಲ್ಲಿ ಎಸೆದು ನೋಡಿದರೆ ದಾರ ಸುರುಳಿ ಸುರುಳಿಯಾಗಿ ಒಟ್ಟಿಗೇ ಹಾರಿ ಗಂಟು ಬೀಳ್ತಿದೆ. ದೂರ ಎಸೆಯೋದು ಹೇಗೆ? ಎರೆ ಯಾವುದು, ಹೊತ್ತು ಯಾವುದು? ರಾತ್ರಿ ಸಾರಿಗೆ ನಾಲ್ಕು ಮೀನು ಸಿಕ್ಕರೆ ಸಾಕು.

ತೂಬಿನಪಕ್ಕ:
ಮೊದಲು ದೂರ ಎಸೆಯೋ ಆಸೆ ಬಿಡಿ. ಸಾರಿಗೆ ಮೀನು ಬೇಕಂದ್ರೆ ನಿಮ್ಮ ಗುರಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದು ಮೇಯೋದು ಏರಿಯ ಕಲ್ಲುಗಳ ಬುಡದಲ್ಲಿ, ಜೊಂಡಿನ ಅಂಚಿನಲ್ಲಿ, ಮೂರು ನಾಲ್ಕು ಅಡಿ ನೀರಲ್ಲಿ. ಕಾಲ ಬುಡದಿಂದ ಹತ್ತು ಹದಿನೈದು ಅಡಿ ಸಾಕು. ಹೊಸಬರು ಕೆರೆ ನಡುವಿಗೆ ಎಸೆದು ಮೀನಿನ ತಲೆ ಮೇಲಿಂದಲೇ ಗಾಳ ದಾಟಿಸಿಬಿಡ್ತಾರೆ.

1/0 ಗಾಳ ಜಿಲೇಬಿ ಬಾಯಿಗೆ ಹಿಡಿಸಲ್ಲ. ಎರೆ ಮಾತ್ರ ಕಿತ್ತು ತಿಂದು ಹೋಗುತ್ತೆ, ನೀವು ಖಾಲಿ ಗಾಳ ಎಳೀತಾ ಕೂರ್ತೀರಿ. 8 ಅಥವಾ 10ನೇ ನಂಬರ್ ತನ್ನಿ. ಬರೀ ನಂಬರಲ್ಲಿ ಅಂಕಿ ಏರಿದಷ್ಟೂ ಗಾಳ ಚಿಕ್ಕದು, ಸೊನ್ನೆ ಸೇರಿದ ಕಡೆ (1/0, 2/0) ಏರಿದಷ್ಟೂ ದೊಡ್ಡದು. ಅಂಗಡಿಯಲ್ಲಿ ಎಲ್ಲರೂ ಎಡವೋದು ಇಲ್ಲೇ. ಗಾಳದ ಮೊನೆ ಹಿಂದಿರೋ ಒಳಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡ್ಕೊಳ್ಳಿ. ಬೆರಳಿಗೆ ಚುಚ್ಚಿದಾಗ ಬೆಲೆ ಗೊತ್ತಾಗುತ್ತೆ.

ಕಟ್ಟೋ ಕ್ರಮ: ಗಾಳದಿಂದ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು, ಅದರ ಮೇಲೆ ನೀರಲ್ಲಿ ತೇಲೋ ಬೆಂಡು. ಪ್ಲಾಸ್ಟಿಕ್ ಬೆಂಡು ಸಿಗದಿದ್ದರೆ ಒಣಗಿದ ಜೋಳದ ದಂಟಿನ ಒಳಗಿನದೇ ಸಾಕು, ಹೆಸರು ಬಂದಿದ್ದೇ ಅದರಿಂದ. ಬೆಂಡಿನ ತುದಿ ಒಂದು ಬೆರಳಷ್ಟು ಮಾತ್ರ ನೀರ ಮೇಲೆ ಕಾಣೋವರೆಗೆ ಸೀಸ ಸೇರಿಸ್ತಾ ಹೋಗಿ. ಹೆಚ್ಚು ತೇಲಿದರೆ ಮೀನಿಗೆ ಎಳೆತ ಗೊತ್ತಾಗಿ ಉಗುಳಿಬಿಡುತ್ತೆ.

ಆಳ ಅಳೆಯದೆ ಕೂರಬೇಡಿ. ಗಾಳಕ್ಕೆ ದಪ್ಪ ಸೀಸ ಸಿಕ್ಕಿಸಿ ಮೆಲ್ಲಗೆ ಇಳಿಬಿಡಿ. ಬೆಂಡು ಪೂರ್ತಿ ಮುಳುಗಿದರೆ ನೀರು ಇನ್ನೂ ಆಳ, ಬೆಂಡನ್ನ ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ದಾರ ಜಾಸ್ತಿ ಆಯ್ತು, ಕೆಳಕ್ಕೆ ಸರಿಸಿ. ನೆಟ್ಟಗೆ ನಿಂತ ಜಾಗದಿಂದ ನಾಲ್ಕು ಬೆರಳು ಕಡಿಮೆ ಮಾಡಿದರೆ ಎರೆ ಹೂಳಿಗೆ ಹೂತುಹೋಗಲ್ಲ.

ಎರೆಗೆ ಎರೆಹುಳು, ಇಲ್ಲದಿದ್ದರೆ ಹಿಟ್ಟು. ಮೈದಾ ಎರಡು ಪಾಲು, ರಾಗಿ ಹಿಟ್ಟು ಒಂದು, ಕಡಲೆಕಾಯಿ ಹಿಂಡಿ ಪುಡಿ ಒಂದು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒಂದು ಚಿಟಿಕೆ ಹತ್ತಿ ಎಳೆ ಎಳೆಯಾಗಿ ಬಿಡಿಸಿ ಒಳಗೆ ನಾದಿ. ಹತ್ತಿ ಇಲ್ಲದ ಹಿಟ್ಟು ಎಸೆದ ಏಟಿಗೇ ಉದುರುತ್ತೆ. ಅವರೆಕಾಳಿನಷ್ಟು ಸಾಕು, ಗಾಳದ ಮೊನೆ ಚೂರು ಹೊರಗಿರಲಿ.

ಬೆಂಡು ಕುಣಿದಾಗ ಎಳೆಯಬೇಡಿ, ಅದು ಬರೀ ಮೂತಿ ತಾಗಿಸೋದು. ಓರೆಯಾಗಿ ಸರಿದು ಮುಳುಗಿದಾಗ ಮಣಿಕಟ್ಟು ಎತ್ತಿದರೆ ಸಾಕು. ರಾಡನ್ನ ತಲೆ ಮೇಲೆ ಬೀಸಿದರೆ ಮೀನಿನ ತುಟಿ ಹರಿಯುತ್ತೆ, ಗಾಳ ಹಿಂದಿನ ಜಾಲಿ ಮರಕ್ಕೆ ಹೋಗುತ್ತೆ.

ಹೊತ್ತಿನ ವಿಚಾರ: ಹಸಿರುಗಟ್ಟಿದ ಕೆರೆಗಳಲ್ಲಿ ಬೆಳಗಿನ ಜಾವ ಕೂತು ಪ್ರಯೋಜನ ಇಲ್ಲ. ಪಾಚಿ ರಾತ್ರಿಯೆಲ್ಲ ನೀರಿನ ಆಮ್ಲಜನಕ ಎಳ್ಕೊಂಡಿರುತ್ತೆ, ಮೀನು ಮೇಲೆ ಬಂದು ಬಾಯಿ ಬಿಡ್ತಾ ಇರುತ್ತೆ, ಎರೆ ಮುಟ್ಟಲ್ಲ. ಬಿಸಿಲು ಏರಿ ಗಂಟೆ ಕಳೆದ ಮೇಲೆ, ಮತ್ತೆ ಸಂಜೆ ನಾಲ್ಕರಿಂದ ಕತ್ತಲಾಗೋವರೆಗೆ ಕೂರಿ. ಗಾಳಿ ಬೀಸಿ ಅಲೆ ಬಂದು ಬಡಿಯೋ ದಡ ಹಿಡೀರಿ, ಮೇವು ತೇಲಿ ಸೇರೋದು ಅಲ್ಲಿಗೇ.

ಗಂಟುಬಿಚ್ಚಿ:
ರೀಲಿಗೆ ಉತ್ತರ ನಾನು ಕೊಡ್ತೀನಿ. ಸುರುಳಿ ಹಾರೋಕೆ ಮುಖ್ಯ ಕಾರಣ ದಾರ ತುಂಬಾ ತುಂಬಿಸಿರೋದು. ದಾರ ಸುತ್ತಿರೋ ಉರುಳೆಯ, ಅಂದರೆ ಸ್ಪೂಲಿನ, ಅಂಚಿಗಿಂತ 2 ಮಿಮೀ ಕೆಳಗೆ ನಿಲ್ಲಬೇಕು. ಹೆಚ್ಚಿದ್ದರೆ ಕತ್ತರಿಸಿ. ಎಸೆದ ಮೇಲೆ ಹಿಡಿಕೆ ತಿರುಗಿಸಿ ರೀಲಿನ ದಾರ ಹಿಡಿಯೋ ತಂತಿ ಬಳೆ ಮುಚ್ಚಬೇಡಿ, ಕೈಯಲ್ಲೇ ಮುಚ್ಚಿ ದಾರ ಬಿಗಿ ಎಳೆದು ಆಮೇಲೆ ಸುತ್ತಿ. ಸಡಿಲ ಸುತ್ತಿನ ಮೇಲೆ ಬಿಗಿ ಸುತ್ತು ಬಿದ್ದರೆ ಮುಂದಿನ ಎಸೆತಕ್ಕೆ ಗಂಟು ಗ್ಯಾರಂಟಿ.

ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ರೀಲು ದಾರ ಬಿಟ್ಟುಕೊಡೋ ಬಿಗಿತ) ಹೊಂದಿಸೋಕೆ: ಒಂದು ಲೀಟರ್ ನೀರಿನ ಬಾಟಲಿಯನ್ನ ರೀಲಿನಿಂದ ನೇರ ಕೆಳಗೆ ತೂಗುಬಿಡಿ, ರಾಡಿನ ಉಂಗುರಗಳ ಮೂಲಕ ಬೇಡ. ಬಾಟಲಿ ನಿಧಾನ ಜಾರಿ ಇಳಿಯೋ ಹಾಗೆ ತಿರುಪು ಇಟ್ಟರೆ 0.30 ತಂಗೂಸಿ ಹರಿಯೋದಿಲ್ಲ. ಗಾಳ ಕಟ್ಟುವಾಗ ಐದಾರು ಸುತ್ತು ಹಾಕಿ, ಬಿಗಿಯೋ ಮುಂಚೆ ಎಂಜಲಲ್ಲಿ ಒದ್ದೆ ಮಾಡಿ. ಒಣದಾರ ಉಜ್ಜಿದ ಬಿಸಿಗೆ ಗಂಟಿನಲ್ಲೇ ಸೋಲುತ್ತೆ.

ಹೊಸಗಾಳ:
ತುಂಬಾ ಥ್ಯಾಂಕ್ಸ್ ಅಣ್ಣ. ರಾತ್ರಿ ಟೆಂಟ್ ಪಕ್ಕ ರಾಡ್ ನೆಟ್ಟು ಬಿಟ್ಟರೆ ರೋಹು, ಕಾಟ್ಲಾ ಬೀಳುತ್ತಾ? ಕೆರೆಗೆ ಯಾರನ್ನ ಕೇಳಬೇಕು?

ತೂಬಿನಪಕ್ಕ:
ಜಿಲೇಬಿ ಕಣ್ಣಲ್ಲಿ ನೋಡಿ ತಿನ್ನೋ ಮೀನು, ಕತ್ತಲಾದ ಮೇಲೆ ಅದನ್ನ ಮರೆತುಬಿಡಿ. ರೋಹು ನಡುನೀರಿಂದ ತಳದ ಕಡೆ, ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ. ಒಂದೇ ಸಲ ಎರಡಕ್ಕೂ ಕೂರೋಕಾಗಲ್ಲ. ರೋಹುಗೆ 2ನೇ ನಂಬರ್ ಗಾಳ, ನೆಲ್ಲಿಕಾಯಿ ಗಾತ್ರದ ಹಿಟ್ಟು, ದಾರದ ಮೇಲೆ ಸಲೀಸಾಗಿ ಜಾರೋ ಹದಿನೈದು ಗ್ರಾಂ ಸೀಸ. ಮೊದಲು ಮೇವು ಹಾಕಿ: ಅಕ್ಕಿ ತೌಡು ಒಂದು ಕೆಜಿ, ನೆನೆಸಿದ ಕಡಲೆಕಾಯಿ ಹಿಂಡಿ ಅರ್ಧ ಕೆಜಿ, ಬೆಲ್ಲ ನೂರು ಗ್ರಾಂ. ಒಂದು ಉಂಡೆ ಕಾಲ ಬುಡದ ನೀರಲ್ಲಿ ಹಾಕಿ ನೋಡಿ. ಬಿದ್ದ ತಕ್ಷಣ ಪುಡಿಯಾದರೆ ತೇವ ಸಾಲದು, ಕಾಲು ಗಂಟೆಯಾದರೂ ಕಲ್ಲಿನ ಹಾಗಿದ್ದರೆ ಹೆಚ್ಚು ಒತ್ತಿದ್ದೀರಿ. ಐದಾರು ಉಂಡೆ ಒಂದೇ ಜಾಗಕ್ಕೆ, ಆಮೇಲೆ ಅರ್ಧ ಗಂಟೆಗೊಂದು. ಬುಟ್ಟಿಗಟ್ಟಲೆ ಸುರಿದರೆ ಮೀನು ಹೊಟ್ಟೆ ತುಂಬಿಸಿಕೊಂಡು ನಿಮ್ಮ ಎರೆಯ ಕಡೆ ತಿರುಗಲ್ಲ.

ರಾಡ್ ನೆಟ್ಟು ಮಲಗೋದಾದರೆ ಡ್ರ್ಯಾಗ್ ಸಡಿಲ ಬಿಡಿ, ಬುಡವನ್ನ ಗೂಟಕ್ಕೆ ಕಟ್ಟಿ, ತುದಿಗೆ ಗೆಜ್ಜೆ ಸಿಕ್ಕಿಸಿ. ಇಲ್ಲದಿದ್ದರೆ ಬೆಳಿಗ್ಗೆ ಗೂಟ ಮಾತ್ರ ಇರುತ್ತೆ.

ರಾತ್ರಿ ಎರೆಹುಳುವಿಗೆ ಚೇಳು ಮೀನು ಬೀಳಬಹುದು, ತಮಿಳಿನ ತೇಳಿ. ಕಿವಿರಿನ ಪಕ್ಕದ ರೆಕ್ಕೆ ಮುಳ್ಳಲ್ಲಿ ವಿಷ ಇದೆ. ಬರಿಗೈ ಹಾಕಬೇಡಿ, ಇಕ್ಕಳದಲ್ಲಿ ಗಾಳ ಹಿಡಿದು ಬಿಡಿಸಿ. ಚುಚ್ಚಿದರೆ ತಡೆಯೋಷ್ಟು ಬಿಸಿ ನೀರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಅದ್ದಿಡಿ, ನೋವು ಇಳಿಯುತ್ತೆ. ಊತ ಏರಿದರೆ ಆಸ್ಪತ್ರೆ.

ರಾಗಿಹೊಲ:
ಕೆರೆ ಯಾರದ್ದು ಅನ್ನೋದಕ್ಕೆ ಊರಲ್ಲೇ ಕೇಳಿ. ಮೀನಿನ ಗುತ್ತಿಗೆ ಹಿಡಿದವರಿದ್ದರೆ ಅವರ ಒಪ್ಪಿಗೆ ಇಲ್ಲದೆ ಗಾಳ ಬಿಡಬೇಡಿ, ಬಿತ್ತನೆ ಮರಿಗೆ ದುಡ್ಡು ಸುರಿದಿರ್ತಾರೆ. ಒಂದು ಮಾತಿನ ತೊಡಕು: ನೀವು 'ಏರಿ ಮೇಲೆ ಕೂರಬಹುದಾ' ಅಂದರೆ ತಮಿಳಿನವರಿಗೆ ಕೆರೆ ಮೇಲೇ ಕೂರೋಕೆ ಕೇಳಿದ ಹಾಗೆ. ಅವರಿಗೆ ಏರಿ ಅಂದರೆ ಕೆರೆ, ನಮ್ಮ ಏರಿಗೆ ಅವರು ಕರೈ ಅಂತಾರೆ.

ಟೆಂಟ್ ಎಲ್ಲಿ ಬೇಕಾದರೂ ಹಾಕಬೇಡಿ. ಸಾನಮಾವು, ದೇನ್ಕನಿಕೋಟೆ, ತಳಿ ಕಡೆ ಕಾಡಂಚಿನ ಕೆರೆಗೆ ಆನೆ ಕತ್ತಲಾದ ಮೇಲೆ ನೀರಿಗೆ ಇಳಿಯುತ್ತೆ, ರಾಗಿ ತೆನೆ ಬಲಿತ ಕಾಲದಲ್ಲಂತೂ ಹಿಂಡೇ ಬರುತ್ತೆ. ಆ ಕೆರೆಗಳಲ್ಲಿ ಹಗಲು ಗಾಳ ಹಾಕಿ ಸಂಜೆಗೆ ಎದ್ದು ಬನ್ನಿ. ಕಾವೇರಿ ಉತ್ತರ ವನ್ಯಧಾಮದ ಒಳಗೆ ಗಾಳದ ಮಾತೇ ಬೇಡ. ಬಾಗಲೂರು ಬಯಲಿನ ಊರಹತ್ತಿರದ ಕೆರೆಯಾದರೆ ಏರಿಯ ಹಿಂಬದಿ ಎತ್ತರದಲ್ಲಿ ಹಾಕಿ, ಒಣಗಿದ ಕೆರೆ ಅಂಗಳದಲ್ಲಿ ಬೇಡ. ಮೇಲೆ ಕರೆಂಟ್ ತಂತಿ ಇದೆಯಾ ನೋಡಿ, ಕಾರ್ಬನ್ ರಾಡ್ ಕರೆಂಟ್ ಎಳೆಯುತ್ತೆ.

ಕೆಲವರಪಳ್ಳಿ ಡ್ಯಾಮಿನ ಮೀನು ತಿನ್ನೋಕೆ ಬೇಡ. ದಕ್ಷಿಣ ಪಿನಾಕಿನಿಯಲ್ಲಿ ಬೆಂಗಳೂರಿನ ಕೊಳಚೆ ಬಂದು ನೊರೆ ಉಕ್ಕೋದನ್ನ ನೀವೇ ನೋಡಿರ್ತೀರಿ.

ಗಂಟುಬಿಚ್ಚಿ:
ಐಸ್ ಮರೆಯಬೇಡಿ. ಮೀನಿನಷ್ಟೇ ತೂಕದ ಐಸ್ ಬೇಕು. ಹಿಡಿದ ತಕ್ಷಣ ತಲೆಗೆ ಹೊಡೆದು ಕೊಂದು, ಕಿವಿರು, ಕರುಳು ತೆಗೆದು ಡಬ್ಬಿಗೆ ಹಾಕಿ. ಕರುಳನ್ನ ಟೆಂಟ್ ಹತ್ತಿರ ಬಿಸಾಡಿದರೆ ರಾತ್ರಿಯೆಲ್ಲ ನಾಯಿ, ಹಂದಿ ಕಾಟ. ಕತ್ತರಿಸಿದ ತಂಗೂಸಿ ಚೂರುಗಳನ್ನೂ ಜೇಬಿಗೆ ಹಾಕ್ಕೊಳ್ಳಿ, ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಂಡರೆ ಬಿಡಿಸೋರಿಲ್ಲ.

ಹೊಸಗಾಳ:
8ನೇ ನಂಬರ್ ಗಾಳ, ಹತ್ತಿ, ಹಿಂಡಿ, ಗೆಜ್ಜೆ ಬರೆದುಕೊಂಡೆ. ದಾರ ಸ್ಪೂಲಿನ ಅಂಚಿಗೆ ಸಮನಾಗಿಯೇ ಇತ್ತು, ಈಗ ಕತ್ತರಿಸಿದೆ.