ಭಾನುವಾರದ ಪ್ರಶ್ನೋತ್ತರ: ಕಾಲೇಜಿನ ಹೊರಗೆ ಯಾರನ್ನ, ಎಲ್ಲಿ ಭೇಟಿ ಆಗೋದು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಜೊತೆ ಶಿವಮೊಗ್ಗದ ಆಪ್ತಸಮಾಲೋಚಕಿ ಮೇಡಂ ಇದ್ದಾರೆ. ಹದಿನಾಲ್ಕು ವರ್ಷದಿಂದ ಪಿಯು ಮಕ್ಕಳ ಜೊತೆ ಕೆಲಸ ಮಾಡ್ತಿದ್ದಾರೆ. ಹೈಸ್ಕೂಲು, ಪಿಯು ವಯಸ್ಸಿನ ಪ್ರೀತಿ, ಸ್ನೇಹ, ಹೊರಗಿನ ಪರಿಚಯ, ಏನು ಬೇಕಾದ್ರೂ ಕೇಳಿ. ಮಕ್ಕಳೂ ಕೇಳಬಹುದು, ಅಪ್ಪ ಅಮ್ಮಂದಿರೂ ಕೇಳಬಹುದು. ನಿಮ್ಮ ಹೆಸರು, ಕಾಲೇಜಿನ ಹೆಸರು, ಫೋಟೊ ಮಾತ್ರ ಹಾಕಬೇಡಿ.

ಹಾಸ್ಟೆಲ್ ಹುಡುಗ: ಮೇಡಂ, ಸೆಕೆಂಡ್ ಪಿಯು ಸೈನ್ಸ್. ನಮ್ಮದು ರೆಸಿಡೆನ್ಷಿಯಲ್ ಕಾಲೇಜು. ಬೆಳಿಗ್ಗೆ ಐದೂವರೆಗೆ ಎಬ್ಬಿಸಿದ್ರೆ ರಾತ್ರಿ ಹತ್ತೂವರೆವರೆಗೂ ಕ್ಲಾಸು, ಸ್ಟಡಿ. ಹುಡುಗರಿಗೇ ಬೇರೆ ಬ್ಲಾಕ್, ಹುಡುಗಿಯರಿಗೇ ಬೇರೆ. ಮಾತಾಡಿದ್ದು ಕಂಡ್ರೆ ಮನೆಗೆ ಫೋನ್ ಹೋಗುತ್ತೆ. ಹೈಸ್ಕೂಲೂ ಬರೀ ಹುಡುಗರದ್ದೇ ಆಗಿತ್ತು. ಅಂಗಡಿಯಲ್ಲಿ ಹುಡುಗಿ ನಿಂತಿದ್ರೆ ಚಿಲ್ಲರೆ ಕೇಳೋಕೂ ಬಾಯಿ ಬರಲ್ಲ. ರಜೆಗೆ ಬಂದಾಗ ಫ್ರೆಂಡ್ ಒಬ್ಬ ಡೇಟಿಂಗ್ ಆ್ಯಪ್‌ನಲ್ಲಿ ವಯಸ್ಸು 19 ಅಂತ ಹಾಕಿ ಅಕೌಂಟ್ ಮಾಡಿಕೊಟ್ಟ. ಮೂರು ವಾರ ಆಯ್ತು, ಒಬ್ರೂ ಮಾತಾಡಿಲ್ಲ. ನನ್ನಲ್ಲೇ ಏನೋ ಕೊರತೆ ಇದೆ ಅನ್ಸುತ್ತೆ.

ಸಮಾಲೋಚಕಿ: ಮೊದಲು ಆ ಅಕೌಂಟ್ ತೆಗಿ. ಆ ಆ್ಯಪ್‌ಗಳು 18 ತುಂಬಿದವರಿಗೆ. ಟಿಂಡರ್‌ನಲ್ಲಿ ಮೊದಲು 13ರಿಂದ 17ರವರಿಗೂ ಜಾಗ ಇತ್ತು, 2016ರಲ್ಲಿ ಅದನ್ನ ನಿಲ್ಲಿಸಿದ್ರು. ನೀನು 19 ಅಂತ ಹಾಕಿಕೊಂಡ್ರೆ ನಿನ್ನ ಜೊತೆ ಮಾತಾಡೋರು ಇಪ್ಪತ್ತೈದರವರೂ ಆಗಿರಬಹುದು, ಮೂವತ್ತರವರೂ ಆಗಿರಬಹುದು.

ಇನ್ನು ಕೊರತೆ ವಿಷಯ. ಆರು ವರ್ಷ ಈಜುಕೊಳಕ್ಕೇ ಬಿಡದವನಿಗೆ ಈಜು ಬರದಿದ್ರೆ ಅದು ಅವನ ತಪ್ಪಲ್ಲ. ನಿನಗೆ ಬೇಕಾಗಿರೋದು ಗರ್ಲ್‌ಫ್ರೆಂಡ್ ಹುಡುಕೋ ಜಾಗ ಅಲ್ಲ. ಹುಡುಗ ಹುಡುಗಿ ಇಬ್ಬರೂ ಇದ್ದು, ಕೈಗೆ ಕೆಲಸ ಇರೋ ಜಾಗ. ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಸೇರಿ ರಸ್ತೆ ಸರಿ ಮಾಡಿ, ಅನ್ನ ಬಡಿಸಿದ ಹುಡುಗನಿಗೆ ಎಂಟನೇ ದಿನ ಮಾತಿಗೆ ತಡವರಿಕೆ ಇರಲ್ಲ, ಇದನ್ನ ನಾನು ಪ್ರತಿ ವರ್ಷ ನೋಡ್ತೀನಿ. ನಿಮ್ಮೂರಲ್ಲಿ ಯಕ್ಷಗಾನ ಕ್ಲಾಸ್ ಇದ್ರೆ ಸೇರು. ನಾಟಕದ ಗುಂಪಿದ್ರೆ ಪರದೆ ಎಳೆಯೋಕೆ ಹೋದ್ರೂ ಆಯ್ತು. ನಮ್ಮ ಕಡೆ ಮಕ್ಕಳು ಮಂಡಗದ್ದೆಗೆ ಹಕ್ಕಿ ನೋಡೋಕೆ ಗುಂಪಾಗಿ ಹೋಗ್ತಾರೆ, ಒಂದು ಬೈನಾಕ್ಯುಲರ್ ನಾಲ್ಕು ಜನರ ಕೈ ದಾಟುತ್ತೆ, ಮಾತು ಅಲ್ಲೇ ಶುರುವಾಗುತ್ತೆ. ಮೊದಲ ಸಲ ಗಂಟಲು ಕಟ್ಟುತ್ತೆ, ಕಟ್ಟಲಿ. "ಆ ಹಕ್ಕಿ ಯಾವುದು" ಅಂತ ಕೇಳಿದ್ರೆ ಸಾಕು. ರಜೆ ಎಷ್ಟು ದಿನ ಇದೆ ಅಂತ ಬರಿ, ಇನ್ನೂ ಮಾತಾಡೋಣ.

ಬೈಕ್ ಪ್ರಿಯ: ಮೇಡಂ ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿದ್ರೆ ಹುಡುಗಿ ಸೀನ್ ಮಾಡಿ ಬಿಡ್ತಾಳೆ. ಏನ್ ಮಾಡ್ಲಿ?

ಸಮಾಲೋಚಕಿ: ಅವಳಿಗೆ ಮಾತಾಡೋ ಮನಸ್ಸಿಲ್ಲ. ಇನ್ನೊಂದು ಮೆಸೇಜ್ ಕಳಿಸಬೇಡ.

ಪಿಯುಸಿ ಕಾಮರ್ಸ್: ನಂದೂ ಸೇಮ್. ಎರಡು ಸಲ ಹಾಯ್ ಅಂದೆ, ಸೀನ್.

ಸಮಾಲೋಚಕಿ: ಮೇಲಿನದ್ದೇ ಉತ್ತರ.

ದಾವಣಗೆರೆ ಅಮ್ಮ: ಮೇಡಂ, ಮಗಳು ಹತ್ತನೇ ಕ್ಲಾಸ್. ಟ್ಯೂಷನ್ನಲ್ಲಿ ಒಬ್ಬ ಹುಡುಗ ಇಷ್ಟ ಅಂತ ಅವಳೇ ಬಂದು ಹೇಳಿದಳು. ನಮ್ಮನೆಯವರು ಅವತ್ತೇ ಫೋನ್ ಕಸಿದುಕೊಂಡ್ರು, ಟ್ಯೂಷನ್ ಬಿಡಿಸಿದ್ರು. ಈಗ ಅವಳು ಊಟಕ್ಕೂ ನಮ್ಮ ಜೊತೆ ಕೂರಲ್ಲ.

ಸಮಾಲೋಚಕಿ: ಅವಳೇ ಬಂದು ಹೇಳಿದಳಲ್ಲ ಅಮ್ಮ, ಅದಕ್ಕಿಂತ ದೊಡ್ಡ ನಂಬಿಕೆ ಯಾವುದು? ಹೇಳಿದ್ದಕ್ಕೆ ಶಿಕ್ಷೆ ಆಯ್ತು ಅಂತ ಅವಳ ಮನಸ್ಸಲ್ಲಿ ಕೂತಿದೆ. ಟ್ಯೂಷನ್ನಿಗೆ ವಾಪಸ್ ಕಳಿಸಿ. "ನೀನು ಹೇಳಿದ್ದು ಒಳ್ಳೇದಾಯ್ತು, ನಾವು ಹೆದರಿಬಿಟ್ವಿ" ಅಂತ ಅವಳಪ್ಪನೇ ಹೇಳಲಿ. ನೀವು ಹೇಳಿದ್ರೆ ಸಾಲದು.

ಹುಬ್ಬಳ್ಳಿ ಅಪ್ಪ: ಮೇಡಮ್ಮಾರ, ಇದು ಸರಿ ಅಲ್ರಿ. ಹತ್ತನೇತ್ತಾ ಹುಡುಗಿಗೆ ಪ್ರೀತಿ ಅಂದ್ರ ಏನ್ ಗೊತ್ತೈತ್ರಿ? ಓದೂ ವಯಸ್ಸಿನಾಗ ಓದಬೇಕು. ಇವೆಲ್ಲಾ ಮೊಬೈಲ್ ಬಂದ ಮ್ಯಾಲ ಶುರು ಆಗ್ಯಾವು.

ಮಂಗಳೂರು ಅಕ್ಕ: ಮೊಬೈಲ್ ಬರುವ ಮೊದಲು ನಿಮ್ಮ ಊರಲ್ಲಿ ಯಾರೂ ಯಾರನ್ನೂ ನೋಡ್ತಿರಲಿಲ್ವಾ ಮಾರಾಯ್ರೆ? ಜಾತ್ರೆಗೆ ಹೋಗುವುದು ತೇರು ನೋಡ್ಲಿಕ್ಕೆ ಮಾತ್ರವಾ?

ಹುಬ್ಬಳ್ಳಿ ಅಪ್ಪ: ಸಿದ್ಧಾರೂಢರ ಜಾತ್ರ್ಯಾಗ ನಾವೂ ಅಡ್ಡಾಡೀವ್ರಿ. ಆದ್ರ ಸುತ್ತ ಊರ ಮಂದಿ ಇರ್ತಿದ್ರು. ಮಿತಿ ಇತ್ತು.

ಮಂಗಳೂರು ಅಕ್ಕ: ಅದನ್ನೇ ನಾನು ಹೇಳುವುದು. ಮಂದಿಯ ನಡುವೆ ಮಾತಾಡ್ಲಿಕ್ಕೆ ಈಗ ಎಲ್ಲಿ ಬಿಡ್ತಾರೆ? ನಮ್ಮಲ್ಲಿ ಐಸ್‌ಕ್ರೀಮ್ ತಿನ್ಲಿಕ್ಕೆ ಕೂತರೂ ನಿನ್ನ ಹೆಸರೇನು, ಅವನ ಹೆಸರೇನು ಅಂತ ಕೇಳುವವರು ಬರ್ತಾರೆ. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬ ಮಾಡ್ತಿದ್ದವರಿಗೆ ಹೊಡೆದದ್ದು ಮರೆತುಹೋಯ್ತಾ? ನಾನು ಆಗ ಶಾಲೆಯಲ್ಲಿದ್ದೆ. ಆಮೇಲೆ ಎಷ್ಟೋ ವರ್ಷ ನನ್ನನ್ನು ಗೆಳತಿಯ ಬರ್ತ್‌ಡೇಗೂ ಕಳಿಸಲಿಲ್ಲ.

ಹುಬ್ಬಳ್ಳಿ ಅಪ್ಪ: ಹೊಡದದ್ದು ತಪ್ಪು, ಅದಕ್ಕ ನಾ ಎಲ್ಲಿ ಹೂಂ ಅಂದೀನಿ? ಮಾತು ತಿರುಗಿಸಬ್ಯಾಡ್ರಿ.

ಹೆಸರು ಬೇಡ: ಮೇಡಂ, ನನಗೆ 16. ಗೇಮ್ ಆಡುವಾಗ ಒಬ್ಬರ ಪರಿಚಯ ಆಗಿ ಎಂಟು ತಿಂಗಳಾಯ್ತು. 19 ವರ್ಷ ಅಂದಿದ್ರು. ಹೋದ ವಾರ ಮಾತಿನ ಮಧ್ಯೆ, ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು ಅಂದ್ರು. ವಿಡಿಯೊ ಕಾಲ್ ಕೇಳಿದ್ರೆ ಕ್ಯಾಮೆರಾ ಹಾಳಾಗಿದೆ ಅಂತಾರೆ. ನಾನು ಕೇಳದೇನೇ ಬಟ್ಟೆ ತಗೋ ಅಂತ 2,000 ಕಳಿಸಿದ್ರು. ಈ ಶನಿವಾರ ಮೊದಲ ಸಲ ಭೇಟಿ. ಬಸ್ ಸ್ಟ್ಯಾಂಡಿಂದ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ಮನೇಲಿ ಸ್ಪೆಷಲ್ ಕ್ಲಾಸ್ ಅಂತ ಹೇಳು ಅಂದಿದ್ದಾರೆ. ಬರಲ್ಲ ಅಂದಿದ್ದಕ್ಕೆ ಚಾಟ್ ಎಲ್ಲಾ ನಿಮ್ಮಪ್ಪನಿಗೆ ಕಳಿಸ್ತೀನಿ ಅಂದ್ರು, ಆಮೇಲೆ ತಮಾಷೆ ಮಾಡಿದೆ ಅಂದ್ರು. ನನಗೆ ಅವರು ಇಷ್ಟ. ಆದ್ರೆ ಎರಡು ದಿನದಿಂದ ನಿದ್ದೆ ಬರ್ತಿಲ್ಲ.

ಸಮಾಲೋಚಕಿ: ಪುಟ್ಟಿ, ಶನಿವಾರ ಹೋಗಬೇಡ. ಉಳಿದದ್ದನ್ನ ನಿಧಾನ ಓದು.

ನೀನು ತಪ್ಪು ಮಾಡಿಲ್ಲ. ಎಂಟು ತಿಂಗಳು ದಿನಾ ಊಟ ಆಯ್ತಾ ಅಂತ ಕೇಳಿದವರ ಮೇಲೆ ಇಷ್ಟ ಹುಟ್ಟೋದು ಸಹಜ. ಆ ಇಷ್ಟ ಸುಳ್ಳಲ್ಲ. ಆದರೆ ನೀನೇ ಬರೆದಿದ್ದನ್ನ ನನ್ನ ಕಣ್ಣಿಂದ ಒಂದು ಸಲ ನೋಡು. ವಯಸ್ಸು ಹೊಂದಲ್ಲ. ಆರು ವರ್ಷದಿಂದ ಕೆಲಸದಲ್ಲಿರೋನಿಗೆ 19 ಹೇಗಾಗುತ್ತೆ? ಮುಖ ತೋರಿಸಲ್ಲ. ಕೇಳದೇ ದುಡ್ಡು ಬರುತ್ತೆ, ನಾಳೆ ಅದು ನಿನ್ನ ತಲೆ ಮೇಲಿನ ಋಣ ಆಗುತ್ತೆ. ಭೇಟಿ ಇರೋದು ಜನರ ನಡುವೆ ಅಲ್ಲ, ಅವನ ಕಾರಲ್ಲಿ. ಮನೆಯವರಿಗೆ ಹೇಳೋ ಸುಳ್ಳನ್ನೂ ಅವನೇ ಬರೆದುಕೊಟ್ಟಿದ್ದಾನೆ. ಇವೆಲ್ಲಕ್ಕಿಂತ ಹೆಚ್ಚಾಗಿ, ನೀನು ಬೇಡ ಅಂದ ಕೂಡಲೇ ಬೆದರಿಕೆ ಬಂತು. ತಮಾಷೆಯಾಗಿದ್ರೆ ನಿನಗೆ ನಿದ್ದೆ ಬರ್ತಿತ್ತು. ಈ ಜೋಡಣೆಯನ್ನ ನಾನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಕೇಳಿದ್ದೀನಿ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ.

ಇವತ್ತು ಮಾಡಬೇಕಾದದ್ದು. ಚಾಟ್, ಅವನ ಐಡಿ, ದುಡ್ಡು ಬಂದ ಯುಪಿಐ ವಿವರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡು. ಏನೂ ಅಳಿಸಬೇಡ. ಅವನ ಜೊತೆ ಜಗಳ ಬೇಡ, ಕಾರಣ ಕೊಡೋದೂ ಬೇಡ. ಮನೆಯಲ್ಲಿ ಒಬ್ಬರಿಗೆ ಹೇಳು. ಅಪ್ಪ ಅಂದ್ರೆ ಭಯ ಇದ್ರೆ ಅಕ್ಕ, ಚಿಕ್ಕಮ್ಮ, ಸೋದರಮಾವ, ಯಾರ ಮುಖ ನೆನೆಸಿದ್ರೆ ಅಳು ಬರುತ್ತೋ ಅವರಿಗೆ. ಯಾರೂ ಇಲ್ಲ ಅನ್ನಿಸಿದ್ರೆ 1098ಕ್ಕೆ ಫೋನ್ ಮಾಡು, ಮಕ್ಕಳ ಸಹಾಯವಾಣಿ, ಯಾವ ಹೊತ್ತಲ್ಲೂ ಎತ್ತುತ್ತಾರೆ. ರಾತ್ರಿ ನಿದ್ದೆ ಬರದೆ ಎದೆ ಹೊಡೆದುಕೊಂಡ್ರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಫೋಟೊ ಏನಾದರೂ ಕಳಿಸಿದ್ದೀಯಾ ಅಂತ ಇಲ್ಲಿ ಹೇಳಬೇಡ, ನನಗೆ ಪ್ರತ್ಯೇಕ ಬರಿ. ಕಳಿಸಿದ್ರೂ ದಾರಿ ಇದೆ. 18ರೊಳಗಿನವರ ಅಂಥ ಫೋಟೊ ಹಂಚಿದವನು ಐಟಿ ಕಾಯ್ದೆಯ 67ಬಿ ಕೆಳಗೆ ಅಪರಾಧಿ. ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆ ಇದೆ. ಫೋಟೊ ನಿನ್ನ ಫೋನ್ ಬಿಟ್ಟು ಹೋಗಲ್ಲ, ಅದರ ಗುರುತು ಸಂಖ್ಯೆ ಮಾತ್ರ ಹೋಗುತ್ತೆ, ಆ ಸೇವೆಗೆ ಸೇರಿದ ಜಾಲತಾಣಗಳು ಅದನ್ನ ಹುಡುಕಿ ತೆಗೀತವೆ.

ಒಂದು ವಿಷಯ ಮುಚ್ಚಿಡದೆ ಹೇಳ್ತೀನಿ. 18 ತುಂಬದವರ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ನಾನು ವರದಿ ಮಾಡಲೇಬೇಕು. ಹಾಗಾದ್ರೆ ನಿನ್ನ ಪಕ್ಕದಲ್ಲೇ ಇರ್ತೀನಿ. ಓದಿದ ಮೇಲೆ ಒಂದು ಅಕ್ಷರ ಆದರೂ ಬರಿ.

ಗುಡ್ ಮಾರ್ನಿಂಗ್ ಮಾವ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗುತ್ತೆ: "ಆನ್‌ಲೈನ್ ಬ್ಲ್ಯಾಕ್‌ಮೇಲ್ ಆದರೆ ಕೂಡಲೇ ಎಲ್ಲಾ ಚಾಟ್ ಅಳಿಸಿ, ಸಿಮ್ ಮುರಿದು ಹಾಕಿ. ಕೇಳಿದಷ್ಟು ಹಣ ಒಂದೇ ಸಲ ಕೊಟ್ಟರೆ ಮತ್ತೆ ಕಾಡುವುದಿಲ್ಲ."

ಸಮಾಲೋಚಕಿ: ಇದನ್ನ ಅಳಿಸಿ. ಈಗಲೇ. ಚಾಟ್ ಅಳಿಸಿದ್ರೆ ಸಾಕ್ಷಿ ಹೋಯ್ತು. ಒಂದು ಸಲ ದುಡ್ಡು ಕೊಟ್ಟವರನ್ನ ಅವರು ಬಿಡಲ್ಲ, ಮತ್ತೆ ಕೇಳ್ತಾರೆ. ಈಗಾಗಲೇ ದುಡ್ಡು ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ. ಒಂದು ಮಗು ಮೇಲೆ ಹೆದರಿ ಕೂತಿದೆ, ಅದರ ಕೆಳಗೆ ಇಂಥದ್ದು ಹಾಕ್ತೀರಲ್ಲ!

ಗುಡ್ ಮಾರ್ನಿಂಗ್ ಮಾವ: ಒಳ್ಳೇದಾಗಲಿ ಅಂತ ಹಾಕಿದೆ ಮೇಡಂ. ಇಷ್ಟು ಕೋಪ ಯಾಕೆ?

ಲವ್ ಗುರು 577: ಹುಡುಗರಿಗೆ ಟಿಪ್ಸ್: 21 ದಿನ ಮೆಸೇಜ್ ಮಾಡಬೇಡಿ, ಅವಳ ಫ್ರೆಂಡ್ ಸ್ಟೇಟಸ್‌ಗೆ ಲೈಕ್ ಹಾಕಿ, ಹೊಟ್ಟೆ ಉರಿದು ತಾನೇ ಬರ್ತಾಳೆ. 100% ವರ್ಕ್.

ಸಮಾಲೋಚಕಿ: ಇದು ಒಬ್ಬರ ಮನಸ್ಸಿಗೆ ನೋವು ಮಾಡಿ ಎಳೆಯೋ ಉಪಾಯ. ಇದನ್ನ ನಂಬಿ ಮಾಡಿದ ಹುಡುಗರು ಆಮೇಲೆ ನನ್ನ ಮುಂದೆ ಕೂತು ಅಳ್ತಾರೆ. ಅಡ್ಮಿನ್, ಇಂಥವರನ್ನ ತೆಗೀರಿ.

ಕುಂದಾಪ್ರ ಹುಡುಗ: ನನ್ ಎತ್ತರ ಐದಡಿ ಎರಡಿಂಚು. ಎತ್ತರ ಆಪು ಮಾತ್ರೆ ಇತ್ತಾ ಮೇಡಂ?

ಸಮಾಲೋಚಕಿ: ಇಲ್ಲ. ಮಾರೋರಿದ್ದಾರೆ, ಕೊಳ್ಳಬೇಡ.

ಮಸ್ಕತ್ ಅಮ್ಮ: ನಾವು ಮಸ್ಕತ್‌ನಲ್ಲಿದ್ದೇವೆ. ಮಗನನ್ನು ಪಿಯುಗೆ ಉಡುಪಿಗೆ ಕಳಿಸಿದೆವು. ಅವನಿಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಒಬ್ಬರೂ ಸ್ನೇಹಿತರಾಗಿಲ್ಲ. ಯಾರಾದರೂ ದಾರಿ ಹೇಳಿ.

ಹುಬ್ಬಳ್ಳಿ ಅಪ್ಪ: ಮ್ಯಾಲಿನ ಹುಡುಗಿ ಕೇಸ್ ನೋಡ್ರಿ, ಇದಕ್ಕ ನಾ ಹೇಳಿದ್ದು ಮೊಬೈಲ್ ಕೊಡಬ್ಯಾಡ್ರಿ ಅಂತ.

ದಾವಣಗೆರೆ ಅಮ್ಮ: ಸರ್, ಮೊಬೈಲ್ ಕಸಿದುಕೊಂಡಿದ್ದಕ್ಕೇ ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟಿರೋದು. ನಾಳೆ ಅವಳಿಗೆ ಹೀಗೇ ಆದ್ರೆ ಯಾರಿಗೆ ಹೇಳ್ತಾಳೆ?

ಹುಬ್ಬಳ್ಳಿ ಅಪ್ಪ: ನನಗೂ ಇಬ್ಬರು ಹೆಣ್ಮಕ್ಕಳು ಅದಾರ್ರಿ. ಹೆದರಿಕಿಗೆ ಹೇಳಾಕತ್ತೀನಿ, ಸಿಟ್ಟಿಗಲ್ಲ.

ಮಂಗಳೂರು ಅಕ್ಕ: ಹೆದರಿಕೆ ನಿಮ್ಮದು, ಬೀಗ ಮಕ್ಕಳಿಗಾ?

ಹುಬ್ಬಳ್ಳಿ ಅಪ್ಪ: ತಂಗೀ, ನಾಲಿಗಿ ಬಿಗಿ ಹಿಡದು ಮಾತಾಡು.

ಅಡ್ಮಿನ್: ಇಬ್ಬರೂ ನಿಲ್ಲಿಸಿ ದಯವಿಟ್ಟು.

ಬೈಕ್ ಪ್ರಿಯ: ಮೇಡಂ ಬೇರೆ ಅಕೌಂಟ್‌ನಿಂದ ಮೆಸೇಜ್ ಮಾಡಿದ್ರೆ?

ಸಮಾಲೋಚಕಿ: ಬೇಡ ಅಂದವಳ ಹಿಂದೆ ಬೇರೆ ಅಕೌಂಟ್‌ನಿಂದ ಹೋಗೋದಕ್ಕೆ ಕಾನೂನಿನಲ್ಲಿ ಹಿಂಬಾಲಿಸುವಿಕೆ ಅಂತಾರೆ. ಅದು ಅಪರಾಧ. ಇನ್ನು ಇದನ್ನ ಕೇಳಬೇಡ.

ಹಾಸ್ಟೆಲ್ ಹುಡುಗ: ಅಕೌಂಟ್ ತೆಗೆದೆ ಮೇಡಂ. ರಜೆ ಇನ್ನು ಒಂಬತ್ತು ದಿನ ಇದೆ. ನಮ್ಮೂರು ತೀರ್ಥಹಳ್ಳಿ ಹತ್ರ, ಮಂಡಗದ್ದೆ ದೂರ ಇಲ್ಲ.

ಹೆಸರು ಬೇಡ: ಮೇಡಂ, ಅಕ್ಕನಿಗೆ ಹೇಳಿದೆ. ಬೈಯಲಿಲ್ಲ. ಪಕ್ಕದಲ್ಲೇ ಕೂತು ಎಲ್ಲಾ ಓದ್ತಿದ್ದಾಳೆ. ಅವರು ಈಗಲೂ ಮೆಸೇಜ್ ಮಾಡ್ತಾನೇ ಇದ್ದಾರೆ.

ಸಮಾಲೋಚಕಿ: ಉತ್ತರಿಸಬೇಡ. ಅಕ್ಕನ ಕೈಗೆ ಫೋನ್ ಕೊಡು, ನನಗೆ ಕಾಲ್ ಮಾಡಲಿ, ಅಡ್ಮಿನ್ ನಂಬರ್ ಕಳಿಸ್ತಾರೆ. ನಾನು ಇಲ್ಲಿಂದ ಹೊರಟೆ. ಉಳಿದವರದ್ದು ಮುಂದಿನ ಭಾನುವಾರ.

ಮಸ್ಕತ್ ಅಮ್ಮ: ಮೇಡಂ, ನನ್ನ ಪ್ರಶ್ನೆ ಮೇಲಿದೆ.

ಪಿಯುಸಿ ಕಾಮರ್ಸ್: ನಂದೂ ಇನ್ನೊಂದಿತ್ತು.

ಅಡ್ಮಿನ್: ಮೇಡಂ ಕಾಲ್‌ನಲ್ಲಿದ್ದಾರೆ. ಇವತ್ತಿಗೆ ಕಾಮೆಂಟ್ ಬಂದ್ ಮಾಡ್ತಿದ್ದೀನಿ.