ಲಸಿಕೆಯ ನಂತರ ಮೈತುಂಬ ನೋವು, ಪಾದಗಳಲ್ಲಿ ಉರಿ: ಇನ್ನು ಯಾವ ಪರೀಕ್ಷೆ ಉಳಿದಿದೆ?

ಪ್ರಶ್ನೆ

ನನ್ನ ತಾಯಿಯವರಿಗೆ 58 ವರ್ಷ. ಫ್ಲೂ ಲಸಿಕೆ ಹಾಕಿಸಿಕೊಂಡ ಎರಡು ವಾರದೊಳಗೆ ಪಾದಗಳಲ್ಲಿ ಉರಿ ಶುರುವಾಗಿ, ಈಗ ತೊಡೆ, ಬೆನ್ನು, ಭುಜಗಳಿಗೂ ನೋವು ಹರಡಿದೆ. ರಾತ್ರಿ ಹೊದಿಕೆಯ ಅಂಚು ಕಾಲಿಗೆ ತಾಗಿದರೂ ತಡೆಯಲಾರದೆ ಎದ್ದು ಕೂರುತ್ತಾರೆ. ಕೈಕಾಲುಗಳ ಬಲ ಕುಗ್ಗಿಲ್ಲ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ನರಗಳಲ್ಲಿ ವಿದ್ಯುತ್ ಸಂಕೇತ ಹೇಗೆ ಹರಿಯುತ್ತದೆ ಎಂದು ನೋಡುವ ಎನ್‌ಸಿಎಸ್ ಪರೀಕ್ಷೆ ನಾರ್ಮಲ್ ಬಂದದ್ದರಿಂದ ಇದು ಆತಂಕದಿಂದ ಬಂದ ನೋವು ಎಂದು ಹೇಳಿ ಕಳಿಸಿದರು. ಲಸಿಕೆಯೇ ಕಾರಣವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವೈದ್ಯರು)

ಎನ್‌ಸಿಎಸ್ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ಉರಿ, ನೋವು, ಬಿಸಿ, ತಂಪುಗಳನ್ನು ಮಿದುಳಿಗೆ ತಲುಪಿಸುವ ತೆಳು ತಂತುಗಳು ಅದರ ಅಳತೆಗೆ ಸಿಗುವುದೇ ಇಲ್ಲವಾದ್ದರಿಂದ, ವರದಿ ನಾರ್ಮಲ್ ಇದೆಯೆಂಬ ಒಂದೇ ಕಾರಣಕ್ಕೆ ನೋವನ್ನು ಮನಸ್ಸಿನ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ತೆಳು ತಂತುಗಳನ್ನು ನೋಡಲು ಕಣಕಾಲಿನ ಹೊರಗಂಟಿನಿಂದ ಸುಮಾರು 10 ಸೆಂ.ಮೀ. ಮೇಲೆ 3 ಮಿ.ಮೀ. ಅಗಲದ ಚರ್ಮದ ಚೂರು ತೆಗೆದು, ಅದರಲ್ಲಿರುವ ತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಆದರೆ ತಂತುಗಳು ಕಡಿಮೆಯಾಗಿವೆ ಎಂದಷ್ಟೇ ಆ ಬಯಾಪ್ಸಿ ಹೇಳುತ್ತದೆ. ಏಕೆ ಕಡಿಮೆಯಾದವು ಎಂಬುದನ್ನು ಹೇಳುವುದಿಲ್ಲ.

ಅದಕ್ಕಿಂತ ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ, ಅದರ ಕೊರತೆಯಿಂದಲೂ ನರಗಳು ಕೆಟ್ಟು ಪಾದ ಉರಿಯುವುದುಂಟು. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಬಿ12 ಹೀರಿಕೆ ಕುಗ್ಗುತ್ತದೆ, ಸಸ್ಯಾಹಾರಿಗಳಾಗಿದ್ದರೆ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು. ವಿಟಮಿನ್ ಮಾತ್ರೆ ಶುರುಮಾಡುವ ಮೊದಲೇ ರಕ್ತ ಕೊಡಿ, ಇಲ್ಲದಿದ್ದರೆ ಕೊರತೆ ಮುಚ್ಚಿಹೋಗುತ್ತದೆ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್, ವಿಟಮಿನ್ ಡಿ, ಇಎಸ್‌ಆರ್ (ದೇಹದಲ್ಲಿ ಉರಿಯೂತ ಇದೆಯೇ ಎಂದು ನೋಡಲು), ಸಿಕೆ (ಮಾಂಸಖಂಡಗಳಿಗೆ ಹಾನಿಯಾಗಿದೆಯೇ ಎಂದು ನೋಡಲು) ಆಗಲಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ಅದರಿಂದಲೂ ಮಾಂಸಖಂಡಗಳು ನೋಯುವುದುಂಟು.

ಕಾಲಿನಿಂದ ಮೇಲಕ್ಕೆ ಬಲ ಕುಗ್ಗುತ್ತ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮುಖ ಸೊಟ್ಟಗಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಗಿಯಾನ್ ಬಾರೆ ಸಿಂಡ್ರೋಮ್ ಆಗಿರಬಹುದು.

ಉತ್ತರ 2 (ಆರೋಗ್ಯ ಇಲಾಖೆಯ ನಿವೃತ್ತ ನೌಕರ)

ಲಸಿಕೆಯೇ ಕಾರಣವೆಂದು ಸಾಬೀತಾಗುವವರೆಗೆ ಕಾಯದೆ ಈಗಲೇ ವರದಿ ಮಾಡಿಸಿ. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಹಾಕಿಸಿದ ದಿನ, ಉರಿ ಮೊದಲು ಕಾಣಿಸಿದ ದಿನ, ಇಷ್ಟನ್ನು ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಕೊಡಿ, ಇಲ್ಲವೇ ಔಷಧ ಸುರಕ್ಷತೆಯ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ. ಅಮೆರಿಕದಲ್ಲಿ 1976ರಲ್ಲಿ ಹಂದಿಜ್ವರದ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಒಬ್ಬರಷ್ಟು ಹೆಚ್ಚುವರಿಯಾಗಿ ಗಿಯಾನ್ ಬಾರೆ ಕಂಡುಬಂದದ್ದು ಬೆಳಕಿಗೆ ಬಂದುದೇ ಇಂಥ ಬಿಡಿ ವರದಿಗಳನ್ನು ಒಟ್ಟುಗೂಡಿಸಿ, ಲಸಿಕೆ ಪಡೆಯದವರೊಂದಿಗೆ ಹೋಲಿಸಿದ್ದರಿಂದ. ಒಬ್ಬರ ದೇಹವನ್ನು ಮಾತ್ರ ನೋಡಿ ಅದನ್ನು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಾಯಿಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಬಿ12 ಇದುವರೆಗೆ ಯಾರೂ ನೋಡಿಲ್ಲ. ಮುಂದಿನ ವರ್ಷ ಫ್ಲೂ ಲಸಿಕೆ ಹಾಕಿಸಬಹುದೇ?

ಉತ್ತರ 1 (ವೈದ್ಯರು)

ಅದನ್ನು ಈಗಲೇ ನಿರ್ಧರಿಸಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಫ್ಲೂ ಬಂದರೆ ಅಪಾಯ ಹೆಚ್ಚು, ಆದ್ದರಿಂದ ಕಾರಣ ತಿಳಿಯದೆ ಲಸಿಕೆ ಕೈಬಿಡುವುದೂ ಸರಿಯಲ್ಲ. ಬಿ12 ವರದಿಯೊಂದಿಗೆ ನರತಜ್ಞರನ್ನು ಕಂಡು, ಈ ಪ್ರಶ್ನೆಯನ್ನು ಅವರ ಮುಂದೆಯೇ ಇಡಿ. ಅಲ್ಲಿಯವರೆಗೆ ರಾತ್ರಿಯ ಉರಿಗೆ ಔಷಧ ಕೇಳಿ ಪಡೆಯಿರಿ. ಕಾರಣ ಗೊತ್ತಾಗುವವರೆಗೂ ಅವರು ನೋವು ತಿನ್ನುತ್ತಿರಬೇಕಾಗಿಲ್ಲ.